ಪ್ರಾರ್ಥನೆಯಿಂದ ಕುಡಿತ ಒಂದೇ ದಿನಕ್ಕೆ ಬಿಟ್ಟುಹೋಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಇಪ್ಪತ್ತು ವರ್ಷದ ಕುಡಿತ ಒಂದೇ ಪ್ರಾರ್ಥನೆಯಲ್ಲಿ ಬಿಟ್ಟಿತು, ಮಾತ್ರೆ ಬೇಡ, ಆಸ್ಪತ್ರೆ ಬೇಡ ಎನ್ನುವ ಥರದ ಸಾಕ್ಷಿ ವಿಡಿಯೊ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಅದರಲ್ಲಿ ಅರ್ಧ ಮಾತ್ರ ನಿಜ, ಉಳಿದರ್ಧ ಜೀವ ತೆಗೆಯಬಹುದು.

ಕುಡಿತ ಬಿಟ್ಟವರು ಬಿಟ್ಟೇ ಇರುವುದಕ್ಕೆ ಚರ್ಚಿನ ಬಳಗದಂಥ ಜೊತೆ ನೆರವಾಗುತ್ತದೆ. ಆದರೆ ದಿನಾ ಕುಡಿಯುವವರು ಬಿಟ್ಟ ಮೊದಲ ನಾಲ್ಕೈದು ದಿನ ವೈದ್ಯರೂ ಬೇಕು. ವಿಡಿಯೊ ಈ ಎರಡನ್ನೂ ಕಲಸಿಬಿಡುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯವರಿಗೆ ಇದು ದೂರದ ವಿಷಯವಲ್ಲ. 1976ರಲ್ಲಿ ಆದ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಭಾಗದಲ್ಲಿ ಕೊಂಕಣಿ ಮಾತಾಡುವ ಕ್ಯಾಥೋಲಿಕರಿದ್ದಾರೆ, ಕ್ರೈಸ್ತ ಸಿದ್ದಿ ಕುಟುಂಬಗಳಿವೆ, ಕಾಗದದ ಕಾರ್ಖಾನೆಯ ದಾಂಡೇಲಿಗೆ ಕೆಲಸಕ್ಕೆ ಬಂದು ನೆಲೆಸಿದವರೂ ಇದ್ದಾರೆ. ಜೋಯಿಡಾದ ಅನಮೋಡ ದಾಟಿದರೆ ಗೋವಾ. ಹಾಗೆಂದು ಕುಡಿತ ಯಾವ ಒಂದು ಜಾತಿಯ, ಧರ್ಮದ ರೋಗವೂ ಅಲ್ಲ.

ಬಿಟ್ಟ ಮೊದಲ ನಾಲ್ಕು ದಿನ ಏನಾಗುತ್ತದೆ?

ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನನ್ನು ತಾನೇ ಸದಾ ಎಚ್ಚರದಲ್ಲಿ ಇಟ್ಟುಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಎಚ್ಚರಕ್ಕೆ ಲಗಾಮೇ ಇರುವುದಿಲ್ಲ. ಆರೆಂಟು ತಾಸಿನಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ವಾಂತಿಯಾಗುತ್ತದೆ, ನಿದ್ದೆ ಬರುವುದಿಲ್ಲ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ‘ಡೆಲಿರಿಯಂ ಟ್ರೆಮೆನ್ಸ್’ ಶುರುವಾಗುತ್ತದೆ. ಗೋಡೆ ಮೇಲೆ ಹುಳ ಹರಿದಂತೆ, ಯಾರೋ ಬಾಗಿಲಲ್ಲಿ ನಿಂತಂತೆ ಕಾಣುತ್ತದೆ, ಮನೆಯವರ ಗುರುತೇ ಸಿಗುವುದಿಲ್ಲ, ಜ್ವರ ಏರಿ ಎದೆ ಬಡಿತ ಜೋರಾಗುತ್ತದೆ.

ಮನೆಯವರಿಗೆ ಇದು ದೆವ್ವ ಮೆಟ್ಟಿದ ಹಾಗೆ ಕಾಣುವುದು ಸಹಜ. ಕೆಲವರು ಗಾಡಿ ಮಾಡಿಕೊಂಡು ಆಸ್ಪತ್ರೆ ಬಿಟ್ಟು ಪ್ರಾರ್ಥನಾ ಕೂಟಕ್ಕೋ ದೇವರು ಕೇಳಿಸುವುದಕ್ಕೋ ಹೊರಡುವುದು ಇಲ್ಲಿಯೇ. ದಯವಿಟ್ಟು ಹೋಗಬೇಡಿ. ಇದು ಸಾವು ತರಬಲ್ಲ ಸ್ಥಿತಿ, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿಸಿದರೆ ಹೆಚ್ಚಿನವರು ಉಳಿಯುತ್ತಾರೆ. ಅಲ್ಲಿ ಮಿದುಳನ್ನು ಶಾಂತಗೊಳಿಸುವ ಔಷಧವನ್ನು ಕೊಟ್ಟು ದಿನದಿನಕ್ಕೂ ಇಳಿಸುತ್ತಾರೆ, ಥಯಾಮಿನ್ ಎಂಬ ಬಿ1 ವಿಟಮಿನ್ ಹಾಕುತ್ತಾರೆ. ಫಾದರ್ ಅಥವಾ ಪಾಸ್ಟರ್ ವಾರ್ಡಿಗೇ ಬಂದು ಪ್ರಾರ್ಥಿಸಿದರೆ ಯಾವ ಡಾಕ್ಟರೂ ಬೇಡವೆನ್ನಲಿಕ್ಕಿಲ್ಲ.

ಹಾಗಾದರೆ ಚರ್ಚಿನ ಬಳಗದ ಕೆಲಸವೇನು?

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸಂಜೆ ಆರು ಗಂಟೆಯಾಗುತ್ತದಲ್ಲ, ಅಲ್ಲಿಂದ ಅದರ ಕೆಲಸ. ಕ್ರೈಸ್ತರು ಶಿಷ್ಯತ್ವ ಎನ್ನುವುದು ಒಂದು ದಿನದ ನಿರ್ಧಾರವನ್ನಲ್ಲ, ದಿನಾ ಯೇಸುವಿನ ಹಿಂದೆ ನಡೆಯುವುದನ್ನು. ನಾಲ್ಕಾರು ಜನ ಕೂತು ಬೈಬಲ್ ಓದುವುದು, ಮಾಡಿದ ತಪ್ಪನ್ನು ಒಬ್ಬರ ಮುಂದೆ ಬಾಯಿಬಿಟ್ಟು ಹೇಳುವುದು, ಹಿರಿಯರೊಬ್ಬರಿಗೆ ಲೆಕ್ಕ ಒಪ್ಪಿಸುವುದು, ಇನ್ನೊಬ್ಬರ ಸೇವೆಗೆ ನಿಲ್ಲುವುದು. ಚಟ ಬಿಟ್ಟವರಿಗೆ ಬೇಕಾದದ್ದೂ ಹೆಚ್ಚುಕಡಿಮೆ ಇದೇ: ಖಾಲಿ ಸಂಜೆಗೆ ಕೆಲಸ, ಮನಸ್ಸು ಎಳೆದಾಗ ಫೋನ್ ಎತ್ತುವ ಒಬ್ಬರು, ಬಚ್ಚಿಡಬೇಕಿಲ್ಲದ ಜಾಗ.

ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದೂ ಈ ಬೇರಿನಿಂದಲೇ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಇದನ್ನು ಶುರುಮಾಡಿದಾಗ ಇಬ್ಬರಿಗೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಒಡನಾಟವಿತ್ತು. ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಲು ಹೇಳುವ ಯಾಕೋಬನ ಪತ್ರಿಕೆ ಆರಂಭದ ಸದಸ್ಯರಿಗೆ ಬಹಳ ಮುಖ್ಯವಾಗಿತ್ತು. ಈಗ ಅದು ಯಾವ ಧರ್ಮಕ್ಕೂ ಸೇರಿಲ್ಲ, ಯಾರು ಬೇಕಾದರೂ ಹೋಗಬಹುದು. ಪುರಾವೆ ಕೇಳುವವರಿಗೆ 2020ರ ಕಾಕ್ರೇನ್ ಪರಿಶೀಲನೆ ಇದೆ: 27 ಅಧ್ಯಯನಗಳು, 10,565 ಜನ. ಈ ಹಾದಿ ಹಿಡಿದವರಲ್ಲಿ ಒಂದು ವರ್ಷದ ನಂತರವೂ ಪೂರ್ತಿ ಬಿಟ್ಟಿದ್ದವರು ಸುಮಾರು ನೂರಕ್ಕೆ 42, ಬೇರೆ ಬಗೆಯ ಆಪ್ತಚಿಕಿತ್ಸೆ ಪಡೆದವರಲ್ಲಿ 35. ನೂರಕ್ಕೆ ನೂರು ಅಲ್ಲ ಎನ್ನುವುದನ್ನೂ ಗಮನಿಸಿ. ಬಿಟ್ಟವರು ಮತ್ತೆ ಕುಡಿದರೆ ಅವರ ನಂಬಿಕೆ ಸುಳ್ಳೆಂದು ಅರ್ಥವಲ್ಲ. ‘ನಿನಗೆ ವಿಶ್ವಾಸ ಸಾಲದು’ ಎಂದು ಹಂಗಿಸಿದರೆ ಅವರು ಮುಂದಿನ ಸಲ ಹೇಳದೆ ಕುಡಿಯುತ್ತಾರೆ, ಅಷ್ಟೇ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಇದು ಹೊಸತಲ್ಲ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿಯ ಹಿಂದೆ ಇರುವುದೂ ಇದೇ ತಿಳಿವಳಿಕೆ.

ಕ್ಯಾಥೋಲಿಕರಲ್ಲಿ ಮ್ಯಾಟ್ ಟಾಲ್ಬಟ್ ಎಂಬ ಡಬ್ಲಿನ್ನಿನ ಕೂಲಿಯ ಹೆಸರು ಕೇಳಿರಬಹುದು. ಕಟ್ಟಿಗೆ ಅಡ್ಡೆಯಲ್ಲಿ ದುಡಿದವರು, ದಾಂಡೇಲಿಯ ಟಿಂಬರ್ ಡಿಪೊ ನೋಡಿದವರಿಗೆ ಚಿತ್ರ ಕಣ್ಣಿಗೆ ಕಟ್ಟೀತು. 1884ರಲ್ಲಿ, 28ನೇ ವಯಸ್ಸಿನಲ್ಲಿ ಕುಡಿತ ಬಿಟ್ಟರು. ಆದರೆ ಜೀವಮಾನದ ಪ್ರತಿಜ್ಞೆಯನ್ನು ಮೊದಲ ದಿನವೇ ಮಾಡಲಿಲ್ಲ. ಮೊದಲು ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೆ, ಕೊನೆಗೆ ಪೂರ್ತಿಯಾಗಿ. ಬೆಳಗ್ಗೆ ಕೆಲಸಕ್ಕೆ ಮುಂಚೆ ಪೂಜೆಗೆ ಹೋಗುತ್ತಿದ್ದರು, ಜೇಬಿನಲ್ಲಿ ದುಡ್ಡಿಟ್ಟುಕೊಳ್ಳುತ್ತಿರಲಿಲ್ಲ, ಹಳೆಯ ಸಾಲಗಳನ್ನು ತೀರಿಸಿದರು. 1925ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಕುಡಿಯಲಿಲ್ಲ. ಸಾಕ್ಷಿ ವಿಡಿಯೊಗಳಲ್ಲಿ ಕಾಣದಿರುವುದು ಈ ಜೇಬಿನ ವಿಷಯ.

ಪರಮಪ್ರಸಾದದ ದ್ರಾಕ್ಷಾರಸ ತೆಗೆದುಕೊಳ್ಳಬಹುದೇ?

ಬೇಕಿಲ್ಲ. ಕ್ಯಾಥೋಲಿಕ ಬೋಧನೆಯಂತೆ ರೊಟ್ಟಿಯೊಂದನ್ನೇ ಸ್ವೀಕರಿಸಿದರೂ ಪ್ರಸಾದ ಪೂರ್ಣವೇ. ಮದ್ಯ ಸೇವಿಸಲಾಗದ ಗುರುಗಳಿಗೇ ಬಿಷಪರ ಅನುಮತಿಯ ಮೇಲೆ ಹುಳಿಬರಿಸುವುದನ್ನು ತಡೆದ ದ್ರಾಕ್ಷಿರಸ ಬಳಸಲು ಅವಕಾಶವಿದೆ. ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಬರೀ ದ್ರಾಕ್ಷಿ ಜ್ಯೂಸ್ ಕೊಡುತ್ತವೆ. 1869ರಲ್ಲಿ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯರು ಕಾಯಿಸಿ ಕೆಡದಂತೆ ಮಾಡಿದ ಜ್ಯೂಸ್ ಹುಟ್ಟಿದ್ದೇ ಈ ಭೋಜನಕ್ಕಾಗಿ. ನಿಜವಾದ ಕಷ್ಟ ಪೀಠದ ಹತ್ತಿರವಲ್ಲ, ಮದುವೆಯ ಟೋಸ್ಟ್ ಹೊತ್ತಿನಲ್ಲಿ. ಅಲ್ಲಿ ಅವರ ಗ್ಲಾಸಿಗೆ ಕೇಳದೆಯೇ ಜ್ಯೂಸ್ ಹಾಕಿ.

‘ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ’ ಪುಡಿ?

ಇದು ಇನ್ನೊಂದು ಫಾರ್ವರ್ಡ್. ಗುಟ್ಟಾಗಿ ಕೊಡುವ ಇಂಥ ಔಷಧದಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಸ್ವಲ್ಪ ಕುಡಿದರೂ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಹೃದಯದ ತೊಂದರೆ ಇದ್ದವರ ಜೀವಕ್ಕೇ ಅಪಾಯ. ರೋಗಿ ಒಪ್ಪಿ, ವೈದ್ಯರು ನೋಡಿಯೇ ಕೊಡಬೇಕಾದ ಮಾತ್ರೆ ಅದು.

ಎಲ್ಲಿಗೆ ಹೋಗಬೇಕು?

ಜಿಲ್ಲಾ ಕೇಂದ್ರ ಕಾರವಾರವಾದರೂ ಹಳಿಯಾಳ, ದಾಂಡೇಲಿಯವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿ. ಹೊರಡುವ ಮೊದಲು ಮಾತಾಡಬೇಕೆಂದರೆ ಸರಕಾರದ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಫಿಟ್ಸ್ ಬಂದರೆ, ಇಲ್ಲದ್ದು ಕಾಣತೊಡಗಿದರೆ 108ಕ್ಕೆ ಕರೆ ಮಾಡಿ. ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಹೊತ್ತಿಗೆ ಎನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ, ಚಿಕಿತ್ಸೆಯ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.