ಜುಮ್ಮಾ ಮಸೀದಿಯ ಚಿನ್ನಕ್ಕೆ ಎಷ್ಟು ಬೆಳಕು ಬೇಕು?

ಟಿಕೋಟಾದಿಂದ ಬಸ್ಸಲ್ಲಿ ಬರ್ತಾ ಕೇಳ್ತಿರೋರಿಗೂ, ಬಬಲೇಶ್ವರದ ಕಟ್ಟೆ ಮೇಲೆ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ ಸ್ವಾಗತ. ವಿಜಯಪುರ ಅಂದ್ರೆ ಎಲ್ಲರೂ ಗೋಳಗುಮ್ಮಟದ ಸದ್ದಿನ ಬಗ್ಗೆ ಹೇಳ್ತಾರೆ. ನಾನು ಇವತ್ತು ಬೆಳಕಿನ ಬಗ್ಗೆ ಹೇಳ್ತೀನಿ. ಹಳೆಯ ಪ್ರಾರ್ಥನಾ ಮಂದಿರದೊಳಗೆ ಹೊಸ ಲೈಟ್ ಹಾಕೋದು ಹೇಗೆ? ಉದಾಹರಣೆಗೆ ನಮ್ಮ ಜುಮ್ಮಾ ಮಸೀದಿಯನ್ನೇ ತಗೊಳ್ಳೋಣ.

ಇದನ್ನ ಕಟ್ಟಿಸಲು ಶುರು ಮಾಡಿದ್ದು ಮೊದಲನೇ ಅಲಿ ಆದಿಲ್ ಶಾ. ವಿಜಯನಗರದ ವಿರುದ್ಧದ 1565ರ ಯುದ್ಧದ ನಂತರದ ಕೆಲಸ ಇದು. 1636ರ ಸುಮಾರಿಗೆ, ಗೋಳಗುಮ್ಮಟ ಕಟ್ಟಿಸಿದ ಮೊಹಮ್ಮದ್ ಆದಿಲ್ ಶಾ ಇಲ್ಲಿನ ಮಿಹ್ರಾಬ್‌ಗೆ, ಅಂದ್ರೆ ಪಶ್ಚಿಮ ಗೋಡೆಯ ಕಮಾನಿನ ಗೂಡಿಗೆ, ಚಿನ್ನ ಮತ್ತು ಬಣ್ಣದ ಅಲಂಕಾರ ಮಾಡಿಸಿದ. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ. ನೆಲದ ಮೇಲೆ ಎರಡು ಸಾವಿರಕ್ಕೂ ಹೆಚ್ಚು ನಮಾಜಿನ ಚೌಕಗಳಿವೆಯಲ್ಲ, ಅವು ಅವನ ಕಾಲದವು ಅಂತಾರೆ. ಸುತ್ತಲಿನ ಗೋಡೆ, ಕಂಬಗಳು ಸರಳ, ಬಿಳಿ. ಹಾಗಾಗಿ ಕಣ್ಣು ನೇರ ಆ ಚಿನ್ನದ ಕಡೆಗೇ ಹೋಗುತ್ತೆ.

ಈಗ ಬೆಳಕಿಗೆ ಬರೋಣ. ಸಭಾಂಗಣ ತೆರೆದುಕೊಳ್ಳೋದು ಪೂರ್ವದ ಅಂಗಳಕ್ಕೆ. ಬೆಳಗಿನ ಬಿಸಿಲು ಕಮಾನುಗಳ ಮೂಲಕ ಒಳಗೆ ಬರುತ್ತೆ. ಮಧ್ಯಾಹ್ನ ಅಂಗಳದ ನೆಲಕ್ಕೆ ಬಡಿದ ಬೆಳಕು ಮೆತ್ತಗಾಗಿ ಒಳಗೆ ಚೆಲ್ಲುತ್ತೆ. ಕತ್ತಲಾದ ಮೇಲೆ ಎಣ್ಣೆ ದೀಪ. ಚಿನ್ನದ ಕೆಲಸ ಮಾಡಿದವರು ಲೆಕ್ಕ ಹಾಕಿದ್ದು ಇಂಥ ಬೆಳಕನ್ನೇ.

ಬೇಕಿದ್ರೆ ಮನೇಲಿ ಪರೀಕ್ಷೆ ಮಾಡಿ. ಅಜ್ಜಿಯ ಜರಿ ಸೀರೆಗೆ ಫೋನ್ ಟಾರ್ಚನ್ನ ಎದುರಿನಿಂದ ಹಿಡೀರಿ: ಬರೀ ಬೆಳ್ಳಗೆ ಕಾಣುತ್ತೆ. ಪಕ್ಕದಿಂದ ಹಿಡೀರಿ: ಜರಿ ಎದ್ದು ಕೂರುತ್ತೆ. ಮಿಹ್ರಾಬ್‌ನ ಚಿನ್ನಕ್ಕೂ ಇದೇ ನಿಯಮ. ಎದುರಿಗೆ ಬಿಳಿ ಟ್ಯೂಬ್‌ಲೈಟ್ ಹಾಕಿದ್ರೆ, ಸುಮಾರು 400 ವರ್ಷದ ಕೆಲಸ ಅಂಗಡಿ ಬೋರ್ಡಿನ ಥರ ಕಾಣುತ್ತೆ.

ಹಾಗಂತ ದೀಪದ ಕಾಲಕ್ಕೆ ವಾಪಸ್ ಹೋಗೋಣ ಅನ್ನೋದಿಲ್ಲ. ಎಣ್ಣೆ ದೀಪದ ಮಸಿ ಬಣ್ಣಕ್ಕೆ ಶತ್ರು. 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿ ದೀಪ ಉರಿದಾಗ ಜನ ಸಂಭ್ರಮಿಸಿದ್ದಕ್ಕೆ ಕಾರಣ ಇತ್ತು. ಆದರೆ ಹಳೆಯ ಬಲ್ಬು ಬಿಸಿ ಸೂಸುತ್ತಿತ್ತು, ಟ್ಯೂಬ್‌ಲೈಟಿನಲ್ಲಿ ನೇರಳಾತೀತ ಕಿರಣ ಇತ್ತು. ಎಲ್ಇಡಿಯಲ್ಲಿ ಎರಡೂ ಕಡಿಮೆ. ಆದ್ರೂ ಬೆಳಕಿನಿಂದ ಮಾಸಿದ ಬಣ್ಣ ತಿರುಗಿ ಬರೋದಿಲ್ಲ. ಅದಕ್ಕೇ ಮ್ಯೂಸಿಯಂಗಳು ಜಲವರ್ಣ ಚಿತ್ರ, ಬಟ್ಟೆಗಳ ಮೇಲೆ 50 ಲಕ್ಸ್ ಸಾಕು ಅಂತಾವೆ. ಆಫೀಸಿನ ಮೇಜಿಗೆ ಬೇಕಾಗೋದು ಸುಮಾರು 500.

ಇನ್ನೊಂದು ಕಡೆ, ಇದು ಮ್ಯೂಸಿಯಂ ಅಲ್ಲ. ಇಲ್ಲಿ ಇಂದಿಗೂ ನಮಾಜ್ ನಡೆಯುತ್ತೆ. ನಸುಕಿನಲ್ಲಿ, ರಾತ್ರಿ ಬರೋ ವಯಸ್ಸಾದವರಿಗೆ ಕಾಲಿಡೋ ಜಾಗ ಕಾಣಬೇಕು, ಓದೋರಿಗೆ ಅಕ್ಷರ ಕಾಣಬೇಕು. ಅವರನ್ನ ಕತ್ತಲಲ್ಲಿ ಕೂರಿಸಿ ಪರಂಪರೆ ಉಳಿಸಿದ್ವಿ ಅನ್ನೋದು ನ್ಯಾಯ ಅಲ್ಲ.

ನನ್ನ ಪ್ರಕಾರ ದಾರಿ ಸರಳ: ಜನರಿಗೆ ಬೇಕಾದ ಬೆಳಕು ಜನರ ಮೇಲೆ ಬೀಳಲಿ, ಚಿನ್ನದ ಮೇಲೆ ಸ್ವಲ್ಪವೇ ಸಾಕು. ನೆಲ, ಮೆಟ್ಟಿಲು, ಓದುವ ಜಾಗಕ್ಕೆ ಒಂದು ಸ್ವಿಚ್. ಮಿಹ್ರಾಬ್‌ಗೆ ಬೇರೆ ಸ್ವಿಚ್, 2700ರಿಂದ 3000 ಕೆಲ್ವಿನ್‌ನ ಬೆಚ್ಚಗಿನ ಬಣ್ಣ, ಅದೂ ಪಕ್ಕದಿಂದ. ಕಲ್ಲು, ಗಾರೆಗೆ ಡ್ರಿಲ್ ಬೇಡ. ನಾಳೆ ತೆಗೆದರೆ ಗುರುತೂ ಉಳಿಯಬಾರದು. ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಹಾಗಾಗಿ ಅನುಮತಿಯೂ ಬೇಕೇ ಬೇಕು.

ಈ ಪ್ರಶ್ನೆ ಮಸೀದಿಗಷ್ಟೇ ಸೇರಿದ್ದಲ್ಲ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಬಣ್ಣದ ಗಾಜು ಹೊಳೆಯಬೇಕಾದ್ರೆ ಒಳಗಿಗಿಂತ ಹೊರಗೆ ಬೆಳಕು ಜಾಸ್ತಿ ಇರಬೇಕು. ಹಗಲಲ್ಲಿ ಒಳಗೆ ಫ್ಲಡ್‌ಲೈಟ್ ಹಾಕಿದ್ರೆ ಗಾಜು ಮಂಕಾಗುತ್ತೆ. ನಿಮ್ಮೂರಿನ ಗುಡಿ, ದರ್ಗಾ, ಚರ್ಚಿಗೆ ಯಾರಾದ್ರೂ ಹೊಸ ಲೈಟ್ ದಾನ ಕೊಡೋಕೆ ಬಂದಾಗ, ಎಷ್ಟು ವಾಟ್ ಅಂತ ಕೇಳೋ ಮೊದಲು ಎರಡು ಮಾತು ಕೇಳಿ: ಇದು ಯಾರಿಗೆ ಕಾಣೋಕೆ, ಮತ್ತು ಮೊಳೆ ಎಲ್ಲಿ ಹೊಡೀತೀರಿ?