ಷಡ್ಜವಾಗಿಬಿಟ್ಟ ಪಂಚಮ

ಚೆನ್ನೈ ಬೀಚ್‌ನಿಂದ ತಾಂಬರಂವರೆಗಿನ ಮಾರ್ಗಕ್ಕೆ 1931ರಲ್ಲೇ ವಿದ್ಯುತ್ ರೈಲು ಬಂದಿತ್ತು. ಅದು ಓಡಿದ್ದು ಒಂದು ಮೀಟರ್ ಅಗಲದ ಹಳಿಯ ಮೇಲೆ. ಆಮೇಲೆ 1,676 ಮಿಲಿಮೀಟರ್ ಅಗಲದ ಬ್ರಾಡ್‌ಗೇಜ್ ಹಳಿಯೂ ಪಕ್ಕಕ್ಕೆ ಬಂತು. 2004ರಲ್ಲಿ ಮೀಟರ್‌ಗೇಜ್ ಲೋಕಲ್‌ಗಳು ನಿಲ್ಲುವವರೆಗೆ ಕೆಲವು ವರ್ಷ ಎರಡೂ ಬಗೆಯ ಗಾಡಿಗಳು ಅಕ್ಕಪಕ್ಕದಲ್ಲೇ ಓಡಿದವು. ಗೇಜ್ ತಪ್ಪಿದರೆ ಅದನ್ನು ಮುಚ್ಚಿಡಲು ಬರುವುದಿಲ್ಲ. ಒಂದರ ಬೋಗಿ ಇನ್ನೊಂದರ ಹಳಿಯ ಮೇಲೆ ಕೂರುವುದೇ ಇಲ್ಲ.

ಕಂಪ್ಯೂಟರ್ ಸಂಗೀತಕ್ಕೆ ಈ ಭಾಗ್ಯವಿಲ್ಲ. ಅಲ್ಲಿ ಬಗೆ ತಪ್ಪಿದ ಮಾಹಿತಿ ಎಷ್ಟೋ ಸಲ ನಿಲ್ಲದೆ ಮುಂದೆ ಹೋಗಿ, ಬೇರೆಯೇ ಊರನ್ನು ಸೇರಿ, ತಲುಪಿದೆ ಎಂದುಬಿಡುತ್ತದೆ.

1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಪ್ರೋಗ್ರಾಮ್ ಐಬಿಎಂ 704 ಯಂತ್ರದಿಂದ 17 ಸೆಕೆಂಡಿನ ಸಂಗೀತ ಹೊರಡಿಸಿತು. ಅಲ್ಲಿಂದ ಬೆಳೆದ ‘ಮ್ಯೂಸಿಕ್’ ಸರಣಿಯ ಪ್ರೋಗ್ರಾಮುಗಳಲ್ಲಿ ಒಂದು ಸ್ವರವೆಂದರೆ ಅಂಕಿಗಳ ಒಂದು ಸಾಲು: ಯಾವಾಗ ಶುರು, ಎಷ್ಟು ಹೊತ್ತು, ಎಷ್ಟು ಜೋರು, ಯಾವ ಶ್ರುತಿ. ಎಲ್ಲವೂ ಅಂಕಿಯೇ ಆದ್ದರಿಂದ ಬಗೆಯ ಗೊಂದಲ ಹುಟ್ಟಲು ಜಾಗ ಕಡಿಮೆ.

1980ರ ದಶಕದಲ್ಲಿ ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ಒಂದು ಹೊಸ ತಂತ್ರಾಂಶ ಬರೆದರು. ಮ್ಯಾಥ್ಯೂಸ್ ಅವರ ಗೌರವಾರ್ಥ ಅದಕ್ಕೆ ‘ಮ್ಯಾಕ್ಸ್’ ಎಂದೇ ಹೆಸರು. ಇದರಲ್ಲಿ ಸಂಗೀತಗಾರರು ಪರದೆಯ ಮೇಲೆ ಡಬ್ಬಿಗಳನ್ನಿಟ್ಟು ಗೆರೆಗಳಿಂದ ಜೋಡಿಸುತ್ತಾರೆ. ಡಬ್ಬಿಯೊಳಗೆ ಮೊದಲು ಅದರ ಹೆಸರು, ಮುಂದೆ ಅದಕ್ಕೆ ಕೊಡುವ ಆರ್ಗ್ಯುಮೆಂಟುಗಳು. ಅವು ಅಂಕಿಯಾಗಿರಬಹುದು, ಪದವಾಗಿರಬಹುದು, ಎರಡೂ ಬೆರೆತಿರಬಹುದು. ಪಕೆಟ್ 1996ರಲ್ಲಿ ಹೊರತಂದ, ಯಾರು ಬೇಕಾದರೂ ಬಳಸಬಹುದಾದ ‘ಪ್ಯೂರ್ ಡೇಟಾ’ದಲ್ಲೂ ಇದೇ ಪದ್ಧತಿ. ಹೊಸ ಡಬ್ಬಿ ಬೇಕೆಂದವರು ಸಿ ಭಾಷೆಯಲ್ಲಿ ತಾವೇ ಪ್ಲಗಿನ್ ಬರೆದುಕೊಳ್ಳಬಹುದು.

ಸಿ ಭಾಷೆ ಮಾತ್ರ ರೈಲ್ವೆಯವರಂತೆ ಗೇಜ್ ನೋಡುವ ಭಾಷೆ. ಒಂದು ಫಂಕ್ಷನ್ಗೆ ಬರುವುದು ಅಂಕಿಯೋ ಪದವೋ ಎಂಬುದನ್ನು ಮೊದಲೇ ಸಾರಿರಬೇಕು. ಪಕೆಟ್ ಕಂಡುಕೊಂಡ ದಾರಿ ‘ಆಟಮ್’. ಅದೊಂದು ಪುಟ್ಟ ಪೊಟ್ಟಣ. ಹೊರಗೆ ಬಗೆಯ ಚೀಟಿ, ಒಳಗೆ ಬೆಲೆ. ಪ್ಲಗಿನ್ ಬರೆಯುವವರು ‘ಎ_ಗಿಮ್ಮಿ’ ಎಂದು ಸಾರಿದರೆ, ಪ್ಯೂರ್ ಡೇಟಾ ಏನನ್ನೂ ಪರೀಕ್ಷಿಸದೆ ಪೊಟ್ಟಣಗಳ ಸಾಲನ್ನೂ ಅವುಗಳ ಎಣಿಕೆಯನ್ನೂ ಹಾಗೇ ಒಪ್ಪಿಸುತ್ತದೆ. ಚೀಟಿ ಓದುವ ಹೊಣೆ ಅಲ್ಲಿಂದ ಮುಂದೆ ಪ್ಲಗಿನ್‌ನದು.

ಚೀಟಿ ಓದದಿದ್ದರೆ? ಪ್ಯೂರ್ ಡೇಟಾದಲ್ಲಿ ಆಟಮ್‌ನಿಂದ ಅಂಕಿ ತೆಗೆದುಕೊಡುವ ಒಂದು ಸಿದ್ಧ ಫಂಕ್ಷನ್ ಇದೆ. ಪೊಟ್ಟಣದಲ್ಲಿ ಪದವಿದ್ದರೆ ಅದು ದೂರು ಹೇಳುವುದಿಲ್ಲ, ಸುಮ್ಮನೆ 0 ಕೊಡುತ್ತದೆ. ಶ್ರುತಿಯನ್ನು ಸೆಂಟ್‌ಗಳಲ್ಲಿ ಅಳೆಯುವಾಗ 0 ಎಂದರೆ ಆಧಾರ ಷಡ್ಜ. ತಪ್ಪಾಗಿ ಕೊಟ್ಟ ಪ್ರತಿ ಪದವೂ ‘ಸ’ ಎಂದು ಇಂಪಾಗಿ ನುಡಿಯುತ್ತದೆ. ಮ್ಯಾಕ್ಸ್‌ನಲ್ಲಿ ಇದಕ್ಕೊಬ್ಬ ದಾಯಾದಿಯಿದ್ದಾನೆ. ಅಲ್ಲಿ ಪೂರ್ಣಾಂಕ ಬೇರೆ, ದಶಮಾಂಶ ಬೇರೆ. ಷಡ್ಜ ಪಂಚಮಗಳ ಅನುಪಾತ 3/2, ಅಂದರೆ 1.5. ಅದನ್ನು ಪೂರ್ಣಾಂಕವೆಂದು ಓದಿದರೆ ಬಿಂದುವಿನ ಮುಂದಿನದು ಉದುರಿ 1 ಉಳಿಯುತ್ತದೆ. ಪಂಚಮ ಷಡ್ಜವಾಗಿಬಿಡುತ್ತದೆ.

ಅಂಕಿಯೂ ಹೆಸರೂ ಒಂದೇ ಜಾಗಕ್ಕೆ ಬರುವ ಪ್ರಸಂಗ ಕರ್ನಾಟಕ ಸಂಗೀತಕ್ಕೆ ಹೊಸದಲ್ಲ. ತಾಂಬರಂ ದಾಟಿ ದಕ್ಷಿಣಕ್ಕೆ ಹೋಗುವ ಹಳಿಯೇ ಮುಂದೆ ತಂಜಾವೂರನ್ನು ಮುಟ್ಟುತ್ತದೆ. 17ನೇ ಶತಮಾನದಲ್ಲಿ ಅಲ್ಲಿನ ನಾಯಕರ ಆಸ್ಥಾನದಲ್ಲಿದ್ದ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ 72 ಮೇಳಗಳ ಲೆಕ್ಕ ಕೊಟ್ಟ. ನಂತರದವರು ಹೆಸರಿನೊಳಗೇ ಸಂಖ್ಯೆ ಕೂರುವಂತೆ ಕಟಪಯಾದಿ ಸೂತ್ರವನ್ನು ಬಳಸಿದರು. ಹೆಸರಿನ ಮೊದಲೆರಡು ಅಕ್ಷರಗಳಿಗೆ ಅಂಕಿ ಹಚ್ಚಿ, ತಿರುಗಿಸಿ ಓದಬೇಕು. ‘ಮಾಯಾಮಾಳವಗೌಳ’ದಲ್ಲಿ ಮ 5, ಯ 1, ತಿರುಗಿಸಿದರೆ 15. ಹಳೆಯ ಶಂಕರಾಭರಣಕ್ಕೆ ‘ಧೀರ’ ಸೇರಿದ್ದು ಇದಕ್ಕಾಗಿಯೇ: ಧ 9, ರ 2, ತಿರುಗಿಸಿದರೆ 29.

ಈಗ ಒಂದು ರಾಗದ ಪ್ಲಗಿನ್ ಬರೆಯಬೇಕೆನ್ನಿ. ಒಬ್ಬರು 29 ಎಂದು ಕೊಡುತ್ತಾರೆ, ಇನ್ನೊಬ್ಬರು ಧೀರಶಂಕರಾಭರಣ ಎಂದು. ಪದ ಬಂದಾಗ ಕಟಪಯಾದಿಯಿಂದ ಸಂಖ್ಯೆ ತೆಗೆದರಾಯಿತು ಎಂಬುದು ಸಹಜವಾದ ಉಪಾಯ. ಆದರೆ ಮೂರನೆಯವರು, ಎಲ್ಲರೂ ಮಾತಿನಲ್ಲಿ ಅನ್ನುವಂತೆ, ಬರೀ ‘ಶಂಕರಾಭರಣ’ ಎನ್ನುತ್ತಾರೆ. ಶ 5, ಕ 1, ತಿರುಗಿಸಿದರೆ 15. ಶಂಕರಾಭರಣ ಕೇಳಿದವರಿಗೆ ಮಾಯಾಮಾಳವಗೌಳ ಸಿಗುತ್ತದೆ. ಬರೀ ‘ಕಲ್ಯಾಣಿ’ ಎಂದರೆ 11, ಅಂದರೆ ಕೋಕಿಲಪ್ರಿಯ. ಎರಡೂ ನಿಜವಾದ ರಾಗಗಳೇ ಆದ್ದರಿಂದ ಯಂತ್ರಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮಾಯಾಮಾಳವಗೌಳದಲ್ಲೇ ಪಾಠ ಶುರುಮಾಡಿದ ವಿದ್ಯಾರ್ಥಿ ಕಿವಿಯಿಂದಲೇ ಹಿಡಿದಾನು, ಸಂಗೀತ ಬಾರದ ಎಂಜಿನಿಯರ್ ಹಿಡಿಯಲಾರ.

ಹಾಗಾಗಿ ಒಳ್ಳೆಯ ಪ್ಲಗಿನ್ ಮೊದಲು ಎಷ್ಟು ಪೊಟ್ಟಣ ಬಂದಿವೆ ಎಂದು ಎಣಿಸುತ್ತದೆ. ಆಮೇಲೆ ಪ್ರತಿಯೊಂದರ ಚೀಟಿ ನೋಡುತ್ತದೆ. ಅಂಕಿಯಾದರೆ ಅದು ಪೂರ್ಣಾಂಕವೇ, 1ರಿಂದ 72ರೊಳಗಿದೆಯೇ ಎಂದು ಪರೀಕ್ಷಿಸುತ್ತದೆ. ಪದವಾದರೆ ಸೂತ್ರವನ್ನು ನಂಬದೆ ಹೆಸರುಗಳ ಪಟ್ಟಿಯಲ್ಲಿ ಹುಡುಕುತ್ತದೆ. ಆಡುಮಾತಿನ ಹೆಸರುಗಳೂ ಆ ಪಟ್ಟಿಯಲ್ಲಿರಬೇಕು. ಯಾವುದೂ ಹೊಂದದಿದ್ದರೆ ಏನು ಬಂತು, ಏನು ಬೇಕಿತ್ತು ಎಂದು ಬಾಯಿಬಿಟ್ಟು ಹೇಳುತ್ತದೆ. ಡಬ್ಬಿ ಹುಟ್ಟುವ ಹೊತ್ತಿಗೇ ತಪ್ಪು ಸಿಕ್ಕರೆ ಅದನ್ನು ಹುಟ್ಟಿಸದೆ ಬಿಡಬಹುದು. ಆಗ ಪ್ಯೂರ್ ಡೇಟಾ ಆ ಡಬ್ಬಿಯ ಅಂಚನ್ನು ತುಂಡು ಗೆರೆಯಲ್ಲಿ ತೋರಿಸುತ್ತದೆ. ನುಡಿಸಾಣಿಕೆಯ ನಡುವೆ ತಪ್ಪು ಬಂದರೆ ಹಿಂದಿನ ರಾಗವನ್ನೇ ಉಳಿಸಿಕೊಳ್ಳುವುದು ಮರ್ಯಾದೆ.

ಇಷ್ಟು ಬರೆಯಲು ಹತ್ತಿಪ್ಪತ್ತು ಸಾಲು ಹೆಚ್ಚಿಗೆ ಬೇಕಾದೀತು. ಅವನ್ನು ಬಿಟ್ಟರೂ ಪ್ಲಗಿನ್ ನುಡಿಯುತ್ತದೆ, ಕಚೇರಿಯೂ ನಡೆಯುತ್ತದೆ. ಕೇಳಿದ್ದು ಒಂದು ರಾಗ, ಬಂದದ್ದು ಇನ್ನೊಂದು ಎಂಬುದು ಮಾತ್ರ ಯಾರಿಗೂ ಗೊತ್ತಾಗದೆ ಉಳಿದೀತು.