ಕೇಪಳದ ಹೆಸರಿನಲ್ಲಿ ಈಶ್ವರ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಕೆಂಗಲ್ಲು ಗುಡ್ಡಗಳಲ್ಲಿ ತಾನಾಗಿಯೇ ಬೆಳೆದು ಕೆಂಪು ಗೊಂಚಲು ತಳೆಯುವ ಕೇಪಳವನ್ನು ನೀವು ಬಲ್ಲಿರಿ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥವು ಇದನ್ನು ‘ಚೆತ್ತಿ’ಯೆಂಬ ಮಲೆಯಾಳ ಹೆಸರಿನಿಂದ ವರ್ಣಿಸಿತು. 1753ರಲ್ಲಿ ಸ್ವೀಡನ್ನಿನ ವಿದ್ವಾಂಸ ಲಿನೇಯಸನು ‘ಇಕ್ಸೋರ ಕಾಕ್ಸಿನಿಯ’ ಎಂದು ಹೆಸರಿಟ್ಟನು. ‘ಇಕ್ಸೋರ’ವೆಂಬುದು ಪೋರ್ಚುಗೀಸರ ಬರಹದಲ್ಲಿ ರೂಪಾಂತರಗೊಂಡ ‘ಈಶ್ವರ’ ಶಬ್ದವೇ ಆಗಿದೆ!

ದೂರದೇಶದ ಶಾಸ್ತ್ರವು ಈಶ್ವರನ ಹೆಸರಿನಿಂದ ಕರೆದ ಗಿಡವನ್ನು ನಾವು ಹಿತ್ತಿಲಿನ ಪೊದೆಯೆಂದು ಕಡಿದೆಸೆಯುವುದು ಉಚಿತವೇ? ಮಳೆಗಾಲದಲ್ಲಿ ಅರೆಬಲಿತ ಟೊಂಗೆಯನ್ನು ನೆಡಿರಿ. ಹುಳಿಗುಣದ ಕೆಮ್ಮಣ್ಣು ಅದಕ್ಕೆ ಹಿತ. ಸುಣ್ಣ, ಸಿಮೆಂಟಿನ ಗೋಡೆಯ ಬುಡ ಬೇಡ. ಅಲ್ಲಿ ಕಬ್ಬಿಣದಂಶವನ್ನು ಹೀರಲಾರದೆ ಎಲೆಗಳು ಹಳದಿಯಾಗುತ್ತವೆ. ಅಂಗಳದ ಕೇಪಳವು ಪೂಜೆಗೆ ಹೂವನ್ನೂ ಮಕ್ಕಳಿಗೆ ಹಣ್ಣನ್ನೂ ನೀಡುವುದು. ಜೊತೆಗೆ ತನ್ನ ಹೆಸರಿನ ಚರಿತ್ರೆಯನ್ನೂ ಉಳಿಸುವುದು.